ದೂರಿಲ್ಲದ ಹನ್ನೆರಡು ದಿನ

ನೀರು ಪರೀಕ್ಷೆ ಮಾಡುವ ಆ ಕಚೇರಿಯಲ್ಲಿ ಅವಳ ನಿಜವಾದ ಹೆಸರು ಸಿಬ್ಬಂದಿ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವಳು ಟಪಾಲಕ್ಕ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಟಪಾಲು ವಿಭಾಗಕ್ಕೆ ಸೇರಿದಾಗ ಅವಳಿಗೆ ಸಿಕ್ಕಿದ್ದು ಒಂದು ಮೇಜು, ಒಂದು ಗೋಂದಿನ ಬಾಟಲಿ ಮತ್ತು ದಪ್ಪ ರಟ್ಟಿನ ರವಾನೆ ಪುಸ್ತಕ. ಆ ಪುಸ್ತಕದಲ್ಲಿ ಕ್ರಮಸಂಖ್ಯೆ, ದಿನಾಂಕ, ಯಾರಿಗೆ, ಏನು ಎಂಬ ನಾಲ್ಕು ಅಂಕಣ ಅಚ್ಚಾಗಿದ್ದವು. ಐದನೆಯದನ್ನು ಅವಳೇ ಸ್ಕೇಲು ಇಟ್ಟು ಗೆರೆ ಎಳೆದು ಮಾಡಿಕೊಂಡಳು. ಅದರ ತಲೆಯ ಮೇಲೆ ‘ಮುಟ್ಟಿತೆ?’ ಎಂದು ಬರೆದಳು. ಕಳಿಸಿದ ಪತ್ರ ಕೈ ಸೇರಿದೆ ಎಂದು ಗೊತ್ತಾಗುವ ತನಕ ಅಲ್ಲಿ ಗುರುತು ಬೀಳುತ್ತಿರಲಿಲ್ಲ. ಗುರುತು ಬೀಳದ ಸಾಲು ಅವಳಿಗೆ ಕಣ್ಣಲ್ಲಿ ಬಿದ್ದ ಕಸದ ಹಾಗೆ.

ಕಂಪ್ಯೂಟರ್ ಬಂದ ಮೇಲೆ ಗೋಂದು ಒಣಗಿತು. ಕಚೇರಿ ತನ್ನದೇ ಮೇಲ್ ಸರ್ವರ್ ಇಟ್ಟುಕೊಂಡಾಗ ಅದನ್ನು ನೋಡಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಪತ್ರದ ಕೆಲಸ ತಾನೇ, ಟಪಾಲಕ್ಕ ನೋಡಿಕೊಳ್ಳಲಿ ಎಂದು ಯಾರೋ ತಮಾಷೆ ಮಾಡಿದರು. ಅವಳು ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. ಆರು ತಿಂಗಳಲ್ಲಿ ಕಲಿತಳು, ಕಲಿತದ್ದನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು.

ಹಿಂಬದಿಯ ಕೋಣೆ ಮೊದಲು ರಾಸಾಯನಿಕಗಳ ಉಗ್ರಾಣವಾಗಿತ್ತು. ಇವತ್ತಿಗೂ ಬಾಗಿಲು ತೆಗೆದರೆ ಮೂಗಿಗೆ ಘಾಟು ಬಡಿಯುತ್ತದೆ. ಅಲ್ಲಿ ಕಬ್ಬಿಣದ ಒಂದು ಸ್ಟ್ಯಾಂಡು, ಅದರಲ್ಲಿ ಎರಡು ಯಂತ್ರ. ಮೇಲಿನದು ವೆಬ್‌ಮೇಲ್. ಸಿಬ್ಬಂದಿ ತಮ್ಮ ತಮ್ಮ ಮೇಜಿನಲ್ಲಿ ಪರದೆ ತೆರೆದು ಪತ್ರ ಬರೆಯುವುದು ಅದರಲ್ಲಿ. ಕೆಳಗಿನದು ಮೇಲ್ ಸರ್ವರ್. ಮೇಲಿನದು ಕೊಟ್ಟ ಪತ್ರವನ್ನು ಹೊರಗಿನ ಲೋಕಕ್ಕೆ ದಾಟಿಸುವುದು ಅದರ ಕೆಲಸ. ಹೀಗೆ ದಾಟಿಸುವುದಕ್ಕೆ ರಿಲೇ ಅನ್ನುತ್ತಾರೆ. ಕಂಡಕಂಡವರ ಪತ್ರವನ್ನು ಅದು ದಾಟಿಸುವುದಿಲ್ಲ. ದಾಟಿಸಿದರೆ ಜಗತ್ತಿನ ಠಕ್ಕರೆಲ್ಲ ಅದರ ಬೆನ್ನೇರುತ್ತಾರೆ. ಯಾವ ಯಂತ್ರದ ಮಾತು ಕೇಳಬೇಕು ಅನ್ನುವ ಪಟ್ಟಿ ಅದರೊಳಗೇ ಇರುತ್ತದೆ. ಒಂಬತ್ತು ವರ್ಷದ ಹಿಂದೆ ಮೇಲಿನ ಯಂತ್ರದ ವಿಳಾಸವನ್ನು ಆ ಪಟ್ಟಿಗೆ ಸೇರಿಸಿದವಳು ಅವಳೇ.

ಆ ಕಚೇರಿಯ ರೂಢಿಯೊಂದನ್ನು ಇಲ್ಲಿ ಹೇಳಬೇಕು. ಊರಿನ ಬಾವಿ, ಬೋರ್‌ವೆಲ್, ತೊಟ್ಟಿಗಳಿಂದ ದಿನವೂ ನೀರಿನ ಸೀಸೆಗಳು ಬರುತ್ತವೆ. ನೀರು ಚೆನ್ನಾಗಿದ್ದರೆ ವರದಿಗೆ ಅವಸರವಿಲ್ಲ. ತಿಂಗಳ ಕೊನೆಗೆ ಎಲ್ಲ ಒಟ್ಟಿಗೆ ಹೋಗುತ್ತದೆ. ಕೆಟ್ಟಿದ್ದರೆ ಮಾತ್ರ ಅದೇ ದಿನ ಮೇಲ್. ಅದಕ್ಕೆ ಕೆಂಪು ಪತ್ರ ಎನ್ನುತ್ತಾರೆ. ಹೀಗಾಗಿ ಶಾಲೆ, ಆಸ್ಪತ್ರೆ, ವಸತಿಗಳ ನೀರು ನೋಡಿಕೊಳ್ಳುವವರಿಗೆಲ್ಲ ಒಂದು ಮಾತು ಮನದಟ್ಟಾಗಿತ್ತು. ಕಚೇರಿಯಿಂದ ಏನೂ ಬರದಿದ್ದರೆ ಕುಡಿಯಬಹುದು.

ಆ ಮಂಗಳವಾರ ಬೆಳಿಗ್ಗೆ ಹಳೆಯ ವೆಬ್‌ಮೇಲ್ ಯಂತ್ರ ತೆಗೆದು ಹೊಸದನ್ನು ಇಟ್ಟರು. ಹತ್ತೂವರೆಗೆ ಮೊದಲ ದೂರು ಬಂತು. ಯಾರೇ ಹೊರಗೆ ಪತ್ರ ಕಳಿಸಿದರೂ ಪರದೆಯ ಮೇಲೆ ಕೆಂಪು ಪಟ್ಟಿ. ರಿಲೇಗೆ ಅನುಮತಿ ಇಲ್ಲ.

ಕಚೇರಿಯ ಮುಖ್ಯಸ್ಥರಾದ ಸಾಹೇಬರು ಎದ್ದು ಕೋಣೆಗೇ ಬಂದರು. ಎರಡು ವರ್ಷದಿಂದ ಅವರದು ಒಂದೇ ರಾಗ. ಈ ತಗಡಿನ ಡಬ್ಬಗಳನ್ನು ಎತ್ತಿ ಬಿಸಾಕಿ ಮೇಲ್ ಕೆಲಸವನ್ನು ಹೊರಗಿನ ಕಂಪನಿಗೆ ಕೊಡೋಣ ಅಂತ. ಹನ್ನೊಂದಕ್ಕೆ ಅದೇ ವಿಷಯದ ಮೀಟಿಂಗ್ ಇತ್ತು. ಅವರು ಬಾಗಿಲಿಗೆ ಒರಗಿ, ಮೂಗಿಗೆ ಕರವಸ್ತ್ರ ಹಿಡಿದು, ಏನಕ್ಕ, ಮೀಟಿಂಗಿನಲ್ಲಿ ನಾನು ಏನು ಹೇಳಲಿ ಎಂದು ಕೇಳಿದರು. ಹತ್ತು ನಿಮಿಷ ಕೊಡಿ ಸಾರ್ ಎಂದಳು.

ನಿಧಾನವಾಗಿ ಕೂತು ನೋಡಿದ್ದರೆ ತಿಳಿಯುತ್ತಿತ್ತು. ಹೊಸ ಯಂತ್ರಕ್ಕೆ ಹೊಸ ವಿಳಾಸ. ಕೆಳಗಿನ ಸರ್ವರ್ ಅದನ್ನು ಗುರುತಿಸದೆ ಬಾಗಿಲಲ್ಲೇ ತಡೆಯುತ್ತಿತ್ತು. ಆದರೆ ತಲೆಯ ಮೇಲೆ ಸಾಹೇಬರು ನಿಂತಿದ್ದರು. ಅವಳು ಒಳದಾರಿ ಹಿಡಿದಳು. ವೆಬ್‌ಮೇಲ್ ತನ್ನ ಪತ್ರವನ್ನು ನೇರವಾಗಿ ಸರ್ವರಿಗೆ ಕೊಡುವ ಬದಲು ತನ್ನ ಹೊಟ್ಟೆಯೊಳಗೇ ಇರುವ ಸಣ್ಣ ರವಾನೆ ಪ್ರೋಗ್ರಾಮಿಗೆ ಕೊಡಲಿ, ಅದು ಮುಂದಕ್ಕೆ ತಲುಪಿಸಲಿ ಎಂದು ಬದಲಾಯಿಸಿದಳು. ಕೆಂಪು ಪಟ್ಟಿ ಮಾಯವಾಯಿತು. ‘ಕಳಿಸಲಾಗಿದೆ’ ಎಂದು ಹಸಿರು ಅಕ್ಷರ ಬಂತು. ಪರೀಕ್ಷೆಗೆ ತನಗೊಂದು, ಸಾಹೇಬರಿಗೊಂದು ಪತ್ರ ಹಾಕಿದಳು. ಎರಡೂ ಅರೆಕ್ಷಣದಲ್ಲಿ ಬಂದವು. ಸಾಹೇಬರು ತಮ್ಮ ಫೋನ್ ನೋಡಿ ತಲೆಯಾಡಿಸಿ ಹೊರಟರು.

ಎರಡೂ ಕಚೇರಿಯೊಳಗಿನ ವಿಳಾಸಗಳು. ಹೊರಗಿನ ಒಬ್ಬರಿಗೂ ಅವಳು ಕಳಿಸಿ ನೋಡಲಿಲ್ಲ.

ಅವತ್ತಿನಿಂದ ಹನ್ನೆರಡು ದಿನ ಕಚೇರಿ ತಣ್ಣಗಿತ್ತು. ಒಂದೂ ದೂರಿಲ್ಲ. ವರದಿ ಅರ್ಥವಾಗಲಿಲ್ಲ, ಇನ್ನೊಮ್ಮೆ ಪರೀಕ್ಷೆ ಮಾಡಿ, ಎಷ್ಟು ದಿನ ಕುದಿಸಿ ಕುಡಿಯಬೇಕು ಎಂದು ದಿನಕ್ಕೆ ಹತ್ತಾದರೂ ಬರುತ್ತಿದ್ದ ಪ್ರಶ್ನೆಗಳು ನಿಂತವು. ಸೀಸೆಗಳನ್ನು ಪರೀಕ್ಷಿಸುವ ಹಿರಿಯನನ್ನು ಎಲ್ಲರೂ ಸೀಸೆ ಮೇಷ್ಟ್ರು ಎನ್ನುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ ಪಾಠ ಮಾಡುತ್ತಾರೆಂದು. ಆ ಮೇಷ್ಟ್ರು ಟೀ ಹೊತ್ತಿನಲ್ಲಿ, ಜನ ಈಗ ಬುದ್ಧಿವಂತರಾಗಿದ್ದಾರೆ ಅಕ್ಕ, ಬರೆದದ್ದು ಒಂದೇ ಸಲಕ್ಕೆ ಅರ್ಥವಾಗ್ತಿದೆ ಎಂದರು. ಟಪಾಲಕ್ಕ ನಕ್ಕಳು. ಆದರೆ ಸಂಜೆ ಬೀಗ ಹಾಕುವಾಗ ಹಿಂಬದಿಯ ಕೋಣೆಯ ಮುಂದೆ ಒಂದು ಗಳಿಗೆ ನಿಂತಳು. ಒಳಗೆ ಫ್ಯಾನುಗಳ ಸದ್ದು ಎಂದಿನಂತೆ ಇತ್ತು. ಏನೋ ಒಂದು ಎಂದಿನಂತೆ ಇರಲಿಲ್ಲ. ಏನೆಂದು ಹೊಳೆಯಲಿಲ್ಲ.

ಹದಿಮೂರನೆಯ ದಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ಅವಳ ತಮ್ಮ ಬಂದಿದ್ದ. ಊರಂಚಿನ ಒಂದು ವಸತಿ ಶಾಲೆಯಲ್ಲಿ ಅವನದು ಮೋಟರ್ ನೋಡಿಕೊಳ್ಳುವ ಕೆಲಸ. ಬಾವಿಯಿಂದ ಮೇಲಿನ ತೊಟ್ಟಿಗೆ ನೀರು ಏರಿಸಬೇಕು, ತೊಟ್ಟಿ ತುಂಬಿದಾಗ ನಿಲ್ಲಿಸಬೇಕು. ವಾರದಲ್ಲಿ ಆರು ದಿನ ಅವನ ಪಾಳಿ, ಭಾನುವಾರ ಇನ್ನೊಬ್ಬನದು. ಎಲ್ಲಿಗೆ ಹೋದರೂ ಶಾಲೆಯ ಬಾವಿಯ ನೀರನ್ನೇ ಬಾಟಲಿಯಲ್ಲಿ ತುಂಬಿಕೊಂಡು ಬರುವುದು ಅವನ ಅಭ್ಯಾಸ. ಬೇರೆ ನೀರು ನಾಲಿಗೆಗೆ ಹಿಡಿಸುವುದಿಲ್ಲ ಎನ್ನುತ್ತಿದ್ದ. ಅವತ್ತೂ ಬಾಟಲಿ ಮೇಜಿನ ಮೇಲಿತ್ತು, ಅರ್ಧ ಖಾಲಿ.

ಅವಳ ಗಂಡ ಗಡಿಯಾರ ರಿಪೇರಿಯವನು. ಅವನಿಗೆ ಭಾಮೈದನನ್ನು ಕೆಣಕದಿದ್ದರೆ ಊಟ ಇಳಿಯುವುದಿಲ್ಲ. “ಏನಯ್ಯ, ನಮ್ಮನೆ ನೀರು ಕುಡಿದರೆ ನಿನಗೆ ಜಾತಿ ಕೆಡುತ್ತಾ?” ಎಂದ.

“ನಿಮ್ಮನೆ ನೀರು ಗಡಿಯಾರದೆಣ್ಣೆ ವಾಸನೆ ಬರುತ್ತೆ ಭಾವ,” ಎಂದು ತಮ್ಮ ಒಂದು ಗುಟುಕು ಕುಡಿದ.

ಆದರೆ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಟಪಾಲಕ್ಕ ಕೇಳಿದ್ದಕ್ಕೆ ಮೂರು ದಿನದಿಂದ ಹೊಟ್ಟೆ ಸರಿಯಿಲ್ಲ, ಸ್ವಲ್ಪ ಜ್ವರ, ಬಿಸಿಲಿಗೆ ಇರಬೇಕು ಅಂದ. ಶಾಲೆಯಲ್ಲೂ ಕೆಲವು ಮಕ್ಕಳಿಗೆ ಹಾಗೇ ಆಗಿದೆಯಂತೆ. ಬಾವಿಯ ಪಕ್ಕ ಚರಂಡಿ ಕೊಳವೆ ಅಗೆದಿದ್ದರಿಂದ ಅವನಿಗೂ ಮೊದಲು ಅನುಮಾನ ಬಂದಿತ್ತಂತೆ. ಹೇಳುತ್ತ ಹೇಳುತ್ತ ಬಾಟಲಿಯ ಮುಚ್ಚಳ ತಿರುಗಿಸಿದ.

“ಆದರೆ ನಿಮ್ಮ ಕಚೇರಿಯವರು ಬಂದು ನೀರು ತಗೊಂಡು ಹೋಗಿ ಎರಡು ವಾರ ಆಯ್ತಲ್ಲ ಅಕ್ಕ. ಏನೂ ಬಂದಿಲ್ಲ. ಬಂದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ತಾನೆ?”

ಅವಳ ಕೈ ಬಡಿಸುವ ಪಾತ್ರೆಯ ಮೇಲೆ ಹಾಗೇ ನಿಂತಿತು. ಹನ್ನೆರಡು ದಿನದಿಂದ ಏನು ಎಂದಿನಂತೆ ಇರಲಿಲ್ಲ ಅನ್ನುವುದು ಅವಳಿಗೆ ಆಗ ಹೊಳೆಯಿತು: ಕಳಿಸಿದ ಒಂದು ಪತ್ರಕ್ಕೂ ಹೊರಗಿನಿಂದ ಮಾರುತ್ತರ ಬಂದಿರಲಿಲ್ಲ. ಅವಳು ಕೈ ಚಾಚಿ ಅವನ ಕೈಯಿಂದ ಬಾಟಲಿ ತೆಗೆದುಕೊಂಡು ತನ್ನ ಬದಿಗೆ ಇಟ್ಟುಕೊಂಡಳು. ಎದ್ದು ಸೀಸೆ ಮೇಷ್ಟ್ರಿಗೆ ಫೋನ್ ಮಾಡಿದಳು. ವಸತಿ ಶಾಲೆಯ ಬಾವಿ ಏನಾಯಿತು ಎಂದಷ್ಟೇ ಕೇಳಿದಳು.

“ಅದಾ? ಪೂರ್ತಿ ಕೆಟ್ಟಿದೆ. ಚರಂಡಿ ಸೇರಿಕೊಂಡಿದೆ,” ಎಂದರು ಮೇಷ್ಟ್ರು. “ಹೊಸ ಯಂತ್ರ ಇಟ್ಟ ಮರುದಿನ, ಬುಧವಾರಾನೇ ಕೆಂಪು ಪತ್ರ ಕಳಿಸಿದೆನಲ್ಲಕ್ಕ. ಯಾಕೆ?”

ಕಚೇರಿಗೆ ಮೂವರೂ ಹೋದರು. ಗಂಡ ಸ್ಕೂಟರಿನಲ್ಲಿ ತಮ್ಮನನ್ನು ಕೂರಿಸಿಕೊಂಡು, ಅವಳು ಆಟೊದಲ್ಲಿ. ಭಾನುವಾರದ ಕಚೇರಿಯಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಹಿಂಬದಿಯ ಕೋಣೆಯಲ್ಲಿ ಅವಳು ಹೊಸ ಯಂತ್ರದ ಲಾಗ್ ತೆರೆದಳು. ಯಂತ್ರ ತಾನು ಮಾಡಿದ ಪ್ರತಿಯೊಂದನ್ನೂ ಸಾಲುಸಾಲಾಗಿ ಬರೆದಿಡುವ ಪುಸ್ತಕ ಅದು. ಆ ಮಂಗಳವಾರ ಹತ್ತು ಐವತ್ತೆರಡರಿಂದ ಓದಲು ಶುರು ಮಾಡಿದಳು. ರಿಲೇಗೆ ಅನುಮತಿ ಇಲ್ಲ. ರಿಲೇಗೆ ಅನುಮತಿ ಇಲ್ಲ. ಪುಟ ಸರಿಸಿದಳು. ಅದೇ. ಇನ್ನೊಂದು ಪುಟ. ಅದೇ.

ಅರ್ಥ ಮಾಡಿಕೊಳ್ಳಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಟ್ಟೆಯೊಳಗಿನ ಸಣ್ಣ ಪ್ರೋಗ್ರಾಮು ಯಾರು ಏನು ಕೊಟ್ಟರೂ ತೆಗೆದುಕೊಂಡಿತ್ತು. ಅದಕ್ಕೇ ಪರದೆಯ ಮೇಲೆ ಹಸಿರು ಅಕ್ಷರ. ಅದು ಪತ್ರವನ್ನು ಕೆಳಗಿನ ಸರ್ವರಿಗೆ ಒಯ್ದಾಗ ಸರ್ವರ್ ಕಚೇರಿಯೊಳಗಿನವನ್ನು ಮಾತ್ರ ಒಳಗೆ ಬಿಟ್ಟು, ಹೊರಗಿನವನ್ನೆಲ್ಲ ತಿರಸ್ಕರಿಸಿತ್ತು. ಅಂದರೆ ಅವಳು ಅವತ್ತು ಸರಿಮಾಡಿದ್ದು ತೊಂದರೆಯನ್ನಲ್ಲ, ತೊಂದರೆ ಕಾಣಿಸುತ್ತಿದ್ದ ಕಿಟಕಿಯನ್ನು ಮುಚ್ಚಿದ್ದಳು.

ತಿರಸ್ಕಾರವಾದ ಪತ್ರ ಕಳಿಸಿದವರಿಗೆ ವಾಪಸು ಬರಬೇಕು. ಬಂದಿದ್ದವು. ಆರು ವರ್ಷದ ಹಿಂದೆ, ತಪ್ಪು ವಿಳಾಸದಿಂದ ಹಿಂದಿರುಗುವ ಪತ್ರಗಳು ತಮ್ಮ ಪೆಟ್ಟಿಗೆ ತುಂಬುತ್ತಿವೆ ಎಂದು ಸಿಬ್ಬಂದಿ ಗೊಣಗಿದಾಗ, ಹಿಂದಿರುಗಿದ್ದೆಲ್ಲ ಯಾರ ಕಣ್ಣಿಗೂ ಬೀಳದೆ ಒಂದು ಮೂಲೆಯ ಪೆಟ್ಟಿಗೆಗೆ ಹೋಗಲಿ ಎಂದು ನಿಯಮ ಬರೆದವಳೂ ಅವಳೇ. ಪ್ರತಿ ಸೋಮವಾರ ಅದನ್ನು ತೆರೆದು ನೋಡುತ್ತಿದ್ದಳು. ಮೂರು ವರ್ಷದ ಹಿಂದೆ ತಾಯಿ ಹಾಸಿಗೆ ಹಿಡಿದಾಗ ಕೆಲವು ಸೋಮವಾರ ತಪ್ಪಿದವು. ತಾಯಿ ತೀರಿಕೊಂಡ ಮೇಲೂ ಆ ಸೋಮವಾರಗಳು ವಾಪಸು ಬರಲಿಲ್ಲ.

ಈಗ ತೆರೆದಳು. ಕೆಂಪು ಪತ್ರಗಳನ್ನು ಬೇರೆ ಮಾಡಿ ಎಣಿಸಿದಳು. ಹತ್ತೊಂಬತ್ತು. ಮೊದಲನೆಯದೇ ವಸತಿ ಶಾಲೆ. ಕೆಳಗೆ ಒಂದು ಹೆರಿಗೆ ಆಸ್ಪತ್ರೆ, ಒಂದು ವೃದ್ಧಾಶ್ರಮ, ಕಾರ್ಮಿಕರ ವಸತಿ ಎರಡು.

ಮೇಜಿಗೆ ಒರಗಿ ನಿಂತಿದ್ದ ತಮ್ಮನಿಗೆ ಅವಳು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಅವಳನ್ನು ಬಯ್ಯಲಿಲ್ಲ. ಗೋಡೆಯ ಗಡಿಯಾರ ನೋಡಿ, ನಾಲ್ಕು ಗಂಟೆಗೆ ಮೋಟರ್ ಹಾಕುತ್ತಾರೆ ಎಂದ. ಬೆಳಗಿನ ನೀರು ಮಧ್ಯಾಹ್ನಕ್ಕೆ ಮುಗಿದಿರುತ್ತದೆ. ಸಂಜೆ ಇನ್ನೂರ ಹತ್ತು ಮಕ್ಕಳು ಕುಡಿಯುವುದು ನಾಲ್ಕರ ನೀರು. ಇವತ್ತಿನ ಪಾಳಿಯವನು ವಾರ್ಡನ್ ಹೇಳದೆ ಯಾರ ಮಾತಿಗೂ ಮೋಟರ್ ನಿಲ್ಲಿಸುವವನಲ್ಲ.

ಆಗ ಎರಡೂ ಕಾಲು. ಅವಳು ವಾರ್ಡನ್‌ಗೆ ಫೋನ್ ಮಾಡಿದಳು. ಆಕೆಯ ಧ್ವನಿಯಲ್ಲಿ ದಣಿವಿತ್ತು, ಹಿಂದೆ ಯಾವುದೋ ಮಗು ಅಳುತ್ತಿತ್ತು. ನೀವು ಅಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಟಪಾಲು ವಿಭಾಗ ಎಂದಳು ಟಪಾಲಕ್ಕ, ಬೇರೆ ಉತ್ತರ ಅವಳಿಗೆ ಅಭ್ಯಾಸವಿರಲಿಲ್ಲ.

“ನೀರು ಕೆಟ್ಟಿದೆ ಅಂತ ಟಪಾಲಿನವರು ಹೇಳೋದಾ?” ಎಂದಳು ವಾರ್ಡನ್. “ಹೋದ ವರ್ಷ ಯಾರೋ ಹೀಗೇ ಫೋನ್ ಮಾಡಿ ಎರಡು ದಿನ ನೀರಿಲ್ಲದೆ ಸತಾಯಿಸಿದರು. ಟ್ಯಾಂಕರ್ ತರಿಸೋಕೆ ನನಗೆ ವರದಿ ಬೇಕಮ್ಮ. ನಿಮ್ಮ ಕಚೇರಿ ವಿಳಾಸದಿಂದ ಮೇಲ್ ಬರಲಿ. ಬಂದ ನಿಮಿಷಕ್ಕೆ ನಿಲ್ಲಿಸ್ತೀನಿ.”

ಆಮೇಲೆ ಟಪಾಲಕ್ಕ ಹೇಳಿದ್ದಕ್ಕೆ ಸೀಸೆ ಮೇಷ್ಟ್ರು ತಮ್ಮ ಮನೆಯಿಂದ ಮಾಡಿದ ಫೋನನ್ನು ಆಕೆ ಎತ್ತಲೇ ಇಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ.

ಟಪಾಲಕ್ಕ ನೋಟ್‌ಬುಕ್ ಬಿಚ್ಚಿದಳು. ಕೆಲಸ ಎರಡೇ ನಿಮಿಷದ್ದಾಗಿತ್ತು. ಯಾರು ಬೇಕಾದರೂ ದಾಟಿಸಬಹುದು ಎಂದು ಬಾಗಿಲನ್ನೇ ತೆರೆದಿಟ್ಟರೆ ಈ ಕ್ಷಣವೇ ಪತ್ರ ಹೋಗುತ್ತದೆ. ನಾಳೆಯೊಳಗೆ ಠಕ್ಕರು ನುಗ್ಗುತ್ತಾರೆ, ಕಚೇರಿಯ ವಿಳಾಸವನ್ನು ಊರೆಲ್ಲ ಕಪ್ಪು ಪಟ್ಟಿಗೆ ಹಾಕುತ್ತಾರೆ, ಆಮೇಲೆ ಯಾವ ಕೆಂಪು ಪತ್ರವೂ ಯಾರಿಗೂ ಮುಟ್ಟುವುದಿಲ್ಲ. ಒಳದಾರಿ ಹಿಡಿದದ್ದು ಒಂದು ಸಲಕ್ಕೆ ಸಾಕು. ಕೆಳಗಿನ ಸರ್ವರಿನ ಪಟ್ಟಿಯಲ್ಲಿ ಹಳೆಯ ವಿಳಾಸ ಅಳಿಸಿ ಹೊಸದನ್ನು ಬರೆದಳು. ಬರೆದದ್ದನ್ನು ಒಂದೊಂದೇ ಅಂಕಿ ಬೆರಳಿಟ್ಟು ಓದಿದಳು. ಮೇಲಿನ ಯಂತ್ರದಲ್ಲಿ ಸಣ್ಣ ಪ್ರೋಗ್ರಾಮನ್ನು ನಿಲ್ಲಿಸಿ, ವೆಬ್‌ಮೇಲ್ ಮೊದಲಿನಂತೆ ನೇರವಾಗಿ ಸರ್ವರಿಗೇ ಕೊಡುವ ಹಾಗೆ ಮಾಡಿದಳು. ಇನ್ನು ತಪ್ಪಾದರೆ ಕಣ್ಣಿಗೆ ರಾಚುವ ಹಾಗೆ ಕೆಂಪಾಗಿ ಕಾಣಲಿ.

ಈ ಸಲ ಪರೀಕ್ಷೆಯ ಪತ್ರವನ್ನು ತನಗೆ ಹಾಕಿಕೊಳ್ಳಲಿಲ್ಲ. ತಮ್ಮನ ಸ್ವಂತ ಮೇಲ್‌ಗೆ ಹಾಕಿದಳು. ಅವನು ಫೋನ್ ಹಿಡಿದು ನಿಂತ. ಬೆಳಕು ಬಾಗಿಲಿನಿಂದ ಅವನ ಮುಖದ ಮೇಲೆ ಬೀಳುತ್ತಿತ್ತು. ತುಟಿ ಒಣಗಿ ಬಿರುಕು ಬಿಟ್ಟಿದ್ದನ್ನು ಅವಳು ಆಗ ನೋಡಿದಳು.

“ಬಂತಕ್ಕ,” ಎಂದ.

ಶಾಲೆಯ ಪತ್ರವನ್ನು ಕಳಿಸಿದಳು. ನೀವಿಬ್ಬರೂ ಹೊರಡಿ, ವಾರ್ಡನ್ ಎಲ್ಲಿದ್ದರೂ ಹುಡುಕಿ ಮೇಲ್ ತೆಗೆಸಿ ತೋರಿಸಿ ಎಂದಳು. ಮೊದಲು ಆಸ್ಪತ್ರೆಗೆ ಹೋಗೋಣ, ನಿನ್ನ ಮೈ ಸುಡ್ತಿದೆ ಎಂದ ಭಾವನಿಗೆ ತಮ್ಮ, “ಮೋಟರ್ ನಿಲ್ಲಲಿ ಭಾವ, ಆಮೇಲೆ ನನ್ನ ಗಡಿಯಾರ ಬಿಚ್ಚಿ ನೋಡುವಿರಂತೆ,” ಎಂದು ಸ್ಕೂಟರ್ ಹತ್ತಿದ. ಅದರ ಸದ್ದು ಬೀದಿಯ ತುದಿಯವರೆಗೂ ಕೇಳಿಸಿತು.

ಅವಳು ವಾಪಸು ಬಂದು ಲಾಗ್ ನೋಡಿದಳು. ಶಾಲೆಯ ಪತ್ರ ಹೋಗಿರಲಿಲ್ಲ. ಈ ಸಲ ತಡೆದದ್ದು ಇವಳ ಸರ್ವರ್ ಅಲ್ಲ, ಶಾಲೆಯನ್ನು ನಡೆಸುವ ಮಂಡಳಿಯ ಸರ್ವರ್. ಈಗ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದಿತ್ತು. ಕೆಲವು ಸರ್ವರ್‌ಗಳು ಗುರುತಿಲ್ಲದವರನ್ನು ಮೊದಲ ಸಲ ಹೀಗೆ ವಾಪಸು ಅಟ್ಟುತ್ತವೆ. ಠಕ್ಕರಾದರೆ ಮತ್ತೆ ಬರುವುದಿಲ್ಲ, ನಿಜವಾದವರು ಕಾದು ಬರುತ್ತಾರೆ ಅನ್ನುವ ಲೆಕ್ಕ. ಮುಂಚೆ ಇವಳ ಸರ್ವರ್ ಅಲ್ಲಿ ಪರಿಚಿತವಾಗಿತ್ತು. ಹನ್ನೆರಡು ದಿನ ಸದ್ದಿಲ್ಲದ್ದಕ್ಕೆ ಮರೆತಿತ್ತೋ ಏನೋ.

ಸರತಿಯಲ್ಲಿ ಒಂದೇ ಒಂದು ಪತ್ರ. ಮೂರು ಗಂಟೆ. ಕೈಯಾರೆ ಒಮ್ಮೆ ನೂಕಿದಳು. ಬಿಟ್ಟು ಬಾ. ಮೂರೂ ಕಾಲು. ಬಿಟ್ಟು ಬಾ. ವಾರ್ಡನ್‌ಗೆ ಫೋನ್ ಮಾಡಿದಳು, ಎತ್ತಲಿಲ್ಲ. ಗಂಡನಿಂದ ಫೋನ್ ಬಂತು. ಶಾಲೆ ಸೇರಿದ್ದಾರೆ, ವಾರ್ಡನ್ ಕೋಣೆಗೆ ಬೀಗ, ಮೋಟರಿನವನು ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿ ಕೂತಿದ್ದಾನೆ. ಮೂರೂವರೆ. ಸಾವಿರ ಪತ್ರ ಕಟ್ಟಿದ ಕೈ ಅವಳದು. ಒಂದು ಪತ್ರವನ್ನು ಹೀಗೆ ಕಣ್ಣು ಮಿಟುಕಿಸದೆ ಕಾದದ್ದು ಇಲ್ಲ. ಫ್ಯಾನುಗಳು ತಿರುಗುತ್ತಿದ್ದವು. ಘಾಟು ಗಂಟಲಿಗೆ ಇಳಿದು ಕೂತಿತ್ತು. ಮೂರೂ ಮುಕ್ಕಾಲು. ಬಿಟ್ಟು ಬಾ.

ಮೂರು ಐವತ್ತೆರಡಕ್ಕೆ ಸಾಲು ಬದಲಾಯಿತು. ಸ್ವೀಕರಿಸಲಾಗಿದೆ.

ಅವಳು ಗಂಡನಿಗೆ ಹೇಳಿದಳು. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತಳು. ನಾಲ್ಕು ದಾಟಿತು. ನಾಲ್ಕೂ ಹತ್ತಕ್ಕೆ ತಮ್ಮನ ಫೋನು.

“ಮೇಲ್ ತೆಗೆದು ನೋಡಿದರು ಅಕ್ಕ. ಮೋಟರ್ ಹಾಕಲಿಲ್ಲ. ತೊಟ್ಟಿ ಕವಾಟಾನೂ ಮುಚ್ಚಿಸಿದ್ದೀನಿ.” ಅವನು ಉಸಿರು ತೆಗೆದುಕೊಂಡ. “ಮೇಡಂ ಫೋನ್ ಯಾಕೆ ಎತ್ತಲಿಲ್ಲ ಗೊತ್ತಾ? ಹುಷಾರಿಲ್ಲದ ಮಕ್ಕಳ ಕೋಣೆಲಿದ್ದರು. ಒಂಬತ್ತು ಮಕ್ಕಳು ಮಲಗಿದ್ದಾವೆ. ಅದರಲ್ಲಿ ಎರಡು ಮಕ್ಕಳಿಗೆ ಮಾತೇ ಇಲ್ಲ. ಆಂಬುಲೆನ್ಸ್ ಹೇಳಿದ್ದಾರೆ.”

“ನೀನು ಎಲ್ಲಿದ್ದೀಯ?”

“ಇಲ್ಲೇ, ಗೋಡೆಗೆ ಒರಗಿ ಕೂತಿದ್ದೀನಿ. ಏಳೋಕೆ ಆಗ್ತಿಲ್ಲ, ಅಷ್ಟೆ.”

ಅವಳು ಫೋನನ್ನು ಗಂಡನಿಗೆ ಕೊಡಿಸಿ, ಅದೇ ಆಂಬುಲೆನ್ಸಿನಲ್ಲಿ ಅವನನ್ನೂ ಹತ್ತಿಸಿ, ಜಾಗ ಇಲ್ಲ ಅಂದರೂ ಹತ್ತಿಸಿ ಎಂದಳು. ಧ್ವನಿ ಏರಿಸಲಿಲ್ಲ.

ಸುದ್ದಿ ಮೇಷ್ಟ್ರಿಂದ ಸಾಹೇಬರಿಗೆ ಮುಟ್ಟಿತ್ತು. ಅವರು ಫೋನ್ ಮಾಡಿ ಮೆಲ್ಲಗೆ ಮಾತಾಡಿದರು. ಉಳಿದ ಹದಿನೆಂಟನ್ನೂ ಇವತ್ತಿನ ತಾರೀಖು ಹಾಕಿ ಹೊಸದಾಗಿ ಕಳಿಸಿಬಿಡಿ, ವಾಪಸು ಬಂದ ಪೆಟ್ಟಿಗೆಯನ್ನು ಖಾಲಿ ಮಾಡಿಬಿಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರು.

“ಅಳಿಸೋದಿಲ್ಲ ಸಾರ್,” ಎಂದಳು ಟಪಾಲಕ್ಕ. “ಕಣ್ಣಿಗೆ ಬೀಳದ ಹಾಗೆ ಮಾಡಿದ್ದೇ ನಾನು. ಇನ್ನೊಂದು ಸಲ ಮಾಡಲ್ಲ.”

ಅವಳು ಹದಿನೆಂಟನ್ನೂ ಕಳಿಸಿದಳು, ಹಳೆಯ ತಾರೀಖು ಮೇಲೆ, ಇವತ್ತಿನದು ಕೆಳಗೆ. ಆಮೇಲೆ ಬೀರುವಿನ ತಳದಿಂದ ರವಾನೆ ಪುಸ್ತಕ ತೆಗೆದಳು. ಕೊನೆಯ ಬರಹದ ಮೇಲೆ ವರ್ಷಗಳ ಧೂಳು. ಹೊಸ ಪುಟದಲ್ಲಿ ಸ್ಕೇಲು ಇಟ್ಟು ಐದನೆಯ ಅಂಕಣ ಎಳೆದು, ಹತ್ತೊಂಬತ್ತು ಸಾಲು ಬರೆದಳು. ಮೊದಲ ಸಾಲಿನ ‘ಮುಟ್ಟಿತೆ?’ ಅಡಿಯಲ್ಲಿ ಗುರುತು ಹಾಕಲು ಪೆನ್ನು ಊರಿದವಳು ತಡೆದು, ‘ಮುಟ್ಟಿತು, ಹನ್ನೊಂದು ದಿನ ತಡವಾಗಿ’ ಎಂದು ಬರೆದಳು.

ಎರಡನೆಯ ಸಾಲು ಹೆರಿಗೆ ಆಸ್ಪತ್ರೆ. ಸರ್ವರ್ ಸ್ವೀಕರಿಸಲಾಗಿದೆ ಎಂದಿತ್ತು. ಆ ಮಾತನ್ನು ನಂಬಿ ಕೂರುವುದು ಅವಳಿಂದ ಆಗಲಿಲ್ಲ. ಸಂಖ್ಯೆ ಹುಡುಕಿ ಒತ್ತಿದಳು. ಗಂಟೆ ಬಾರಿಸಿತು. ಅಲ್ಲಿ ಯಾರೂ ಎತ್ತಲಿಲ್ಲ. ಅವಳು ಎಡಗೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು, ಬಲಗೈಯಲ್ಲಿ ಪೆನ್ನು ಖಾಲಿ ಅಂಕಣದ ಮೇಲೆ ಹಿಡಿದು ಕಾದಳು. ಗಂಟೆ ಬಾರಿಸುತ್ತಲೇ ಇತ್ತು.